ಹುಟ್ಟಿದ ದಿನ ಗೊತ್ತಿದ್ದವರಿಗೆ ಶುಭಾಶಯ, ಗೊತ್ತಿಲ್ಲದವರಿಗೆ?

ಜೂನ್ 1. ನಮ್ಮ ಹಿರಿಯರ ಆಧಾರ್ ಕಾರ್ಡ್, ಪಾಸ್‌ಪೋರ್ಟ್, ಪಿಎಫ್ ದಾಖಲೆ ತೆಗೆದು ನೋಡಿ. ಹುಟ್ಟಿದ ದಿನದ ಜಾಗದಲ್ಲಿ ಎಷ್ಟು ಮಂದಿಗೆ ಇದೇ ತಾರೀಕು ಉಂಟು! ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲ. ಜನನ ಪತ್ರ ಮಾಡಿಸಬೇಕು ಎನ್ನುವ ಯೋಚನೆಯೇ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ಟ್ರು "ಹುಟ್ಟಿದ್ದು ಯಾವಾಗ?" ಅಂತ ಕೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಾಸ್ಟ್ರು ಶಾಲೆ ಶುರುವಾಗುವ ತಿಂಗಳ ಮೊದಲ ದಿನ ಹಿಡಿದು, ಹಿಂದಕ್ಕೆ ಐದೋ ಆರೋ ವರ್ಷ ಎಣಿಸಿ ಒಂದು ಇಸವಿ ಬರೆದುಬಿಡುತ್ತಿದ್ದರು. ಅಲ್ಲಿಗೆ ಮಗುವಿಗೆ ಸರಕಾರಿ ಲೆಕ್ಕದ ಹುಟ್ಟುಹಬ್ಬ ಸಿಕ್ಕಿತು.

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ವರ್ಷಗಟ್ಟಲೆ ಲೇತ್ ಮುಂದೆ ನಿಂತ, ಬಂಟ್ವಾಳ ಕಡೆಯ ಹಿರಿಯರೊಬ್ಬರು ಇದನ್ನು ಹೇಳುವ ಬಗೆಯೇ ಬೇರೆ. "1974ರ ನೆರೆ ಬಂದಾಗ ನಾನು ಹೊಟ್ಟೆಯಲ್ಲಿದ್ದೆ ಅಂತ ಉಮ್ಮ ಹೇಳ್ತಿದ್ರು. ನೇತ್ರಾವತಿ ಉಕ್ಕಿದ್ದು ಜುಲೈ ಕೊನೆಗೆ. ಮಾಸ್ಟ್ರು ಬರೆದ ಲೆಕ್ಕದಲ್ಲಿ ನನಗೆ ಆಗ ಎರಡು ತಿಂಗಳು ತುಂಬುತ್ತಾ ಬಂದಿತ್ತು. ಉಮ್ಮ ಸರಿಯೋ ಮಾಸ್ಟ್ರು ಸರಿಯೋ ನೀವೇ ಹೇಳಿ ಮಾರಾಯ್ರೆ!" ಎಂದು ನಗುತ್ತಾರೆ. ನಗುವ ವಿಷಯವೇನೋ ಹೌದು. ಆದರೆ ನಿವೃತ್ತಿ, ಪಿಎಫ್ ಪಿಂಚಣಿ ಎಲ್ಲ ಲೆಕ್ಕ ಹಾಕುವುದು ಮಾಸ್ಟ್ರು ಬರೆದ ತಾರೀಕಿಗೆ. ಉಮ್ಮನ ಮಾತಿಗೆ ಯಾವ ಕಚೇರಿಯಲ್ಲೂ ಸೀಲು ಬೀಳುವುದಿಲ್ಲ.

ಅವರ ಮಗ ಇಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕಂಪೆನಿಯ ಉದ್ಯೋಗಿ. ಅವನಿಗೆ ಹುಟ್ಟಿದ ದಿನ ಮಾತ್ರ ಅಲ್ಲ, ಗಂಟೆ ನಿಮಿಷವೂ ಗೊತ್ತು. ಬೆಳಿಗ್ಗೆ ಕಂಪ್ಯೂಟರ್ ತೆರೆಯುವಷ್ಟರಲ್ಲಿ ಎಚ್‌ಆರ್‌ನಿಂದ ಶುಭಾಶಯದ ಮೇಲ್ ಬಂದಿರುತ್ತದೆ, ಸಂಜೆ ಟೀಮಿನವರು ಕೇಕ್ ತರಿಸುತ್ತಾರೆ. ಒಂದೇ ಮನೆ, ಎರಡು ತಲೆಮಾರು. ಒಬ್ಬರಿಗೆ ದಿನವೇ ಇಲ್ಲ, ಇನ್ನೊಬ್ಬನಿಗೆ ಆ ದಿನ ಯಂತ್ರವೂ ಶುಭಾಶಯ ಹೇಳುತ್ತದೆ.

ಇಷ್ಟೆಲ್ಲ ಹೇಳಲು ಕಾರಣ ಚೆಸ್. ಈ ಮಗನ ಪ್ರಾಯದ ಹುಡುಗರಿಗೆ ಈಗ ಅದೇ ಹುಚ್ಚು. ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯದಲ್ಲಿ ಮಂಗಳೂರು ಬಸ್ಸಿಗೆ ಕಾಯುವಾಗ ನೋಡಬೇಕು, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಕಪ್ಪು ಬಿಳಿ ಮನೆಗಳು. ಎದುರಾಳಿ ಬ್ರೆಝಿಲ್‌ನಲ್ಲಿರಬಹುದು, ಬೆಳ್ತಂಗಡಿಯಲ್ಲೂ ಇರಬಹುದು. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಡಿ. ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲಂತೂ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳನ್ನು ಚೆಸ್ ಕ್ಲಾಸಿಗೆ ಕಳುಹಿಸುವುದು ಈಜು ಕಲಿಸಿದಷ್ಟೇ ಸಾಮಾನ್ಯ. ಆಟ ಎಲ್ಲರಿಗೂ ಬೇಕು. ಆಟದ ಚರಿತ್ರೆ ಕೇಳುವವರು ಮಾತ್ರ ಕಡಿಮೆ.

ಕೇಳುವವರು ಇಲ್ಲವೆಂದಲ್ಲ. ಚೆಸ್ ಆಡುವುದಕ್ಕಿಂತ ಚೆಸ್ಸಿನ ಹಳೆ ಪುಸ್ತಕ, ಹಳೆ ಪತ್ರ, ಹಳೆ ಪಂದ್ಯದ ಚೀಟಿ ಹುಡುಕುವುದರಲ್ಲೇ ಸುಖ ಕಾಣುವ ಜನರ ಸಂಘಗಳು ಜಗತ್ತಿನಲ್ಲಿವೆ. ಅಂಥದ್ದರಲ್ಲಿ ಒಂದು ಶುರುವಾದದ್ದು ಕೆನ್ ವೈಲ್ಡ್ ಅವರ ಹೆಸರಿನಲ್ಲಿ. ವೈಲ್ಡ್ ಇಂಗ್ಲೆಂಡಿನವರು, ಹುಟ್ಟಿದ್ದು 1926 ಮಾರ್ಚ್ 6, ತೀರಿಕೊಂಡದ್ದು 2003 ಜುಲೈ 11. ಡೇವಿಡ್ ಹೂಪರ್ ಜೊತೆ ಸೇರಿ ಅವರು ಬರೆದ ಆಕ್ಸ್‌ಫರ್ಡ್ ಚೆಸ್ ಕೋಶ 1984ರಲ್ಲಿ ಬಂತು. ಒಂದು ತಾರೀಕು ಸರಿಯೋ ತಪ್ಪೋ ಎಂದು ತಿಳಿಯಲು ತಿಂಗಳುಗಟ್ಟಲೆ ಪತ್ರ ಬರೆಯುವ ಜಾತಿಯ ಮನುಷ್ಯ. ಅವರು ಕೂಡಿಟ್ಟ ಪುಸ್ತಕ ಭಂಡಾರ ಈಗ ಸ್ವಿಟ್ಸರ್‌ಲ್ಯಾಂಡಿನ ಆಟಗಳ ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಸಂಘಗಳಲ್ಲಿ ಸದಸ್ಯರಿಗೆ 60, 70, 80 ತುಂಬಿದಾಗ ಶುಭಾಶಯ ಹೇಳುವ ರೂಢಿ ಇದೆ. ಕೇಕಿನ ಚಿತ್ರ ಹಾಕಿ ಮುಗಿಸುವ ಶುಭಾಶಯ ಅಲ್ಲ. ಇವರು ಇಂಥ ಪುಸ್ತಕ ಬರೆದರು, ಇಂಥ ಆಟಗಾರನ ಹುಟ್ಟೂರು ಕಂಡುಹಿಡಿದರು ಅಂತ ನಾಲ್ಕು ಸಾಲು ಸೇರಿಸುತ್ತಾರೆ. ಬೇರೆಯವರ ಹುಟ್ಟಿದ ದಿನ ಹುಡುಕಿದವರಿಗೆ ಅವರ ಹುಟ್ಟಿದ ದಿನದಂದು ಸಲಾಂ. ಇದರಲ್ಲಿ ನ್ಯಾಯ ಉಂಟು ಅಂತ ನನಗನಿಸುತ್ತದೆ.

ಆ ರೂಢಿಯನ್ನೇ ಹಿಡಿದು ನಾವೂ ಕೆಲವರಿಗೆ ಶುಭಾಶಯ ಹೇಳಬಹುದು. ಆದರೆ ಪಟ್ಟಿ ಮಾಡಲು ಕೂತರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಯಾರ ಹುಟ್ಟಿದ ದಿನ ದಾಖಲೆಯಲ್ಲಿದೆ, ಯಾರದ್ದು ಇಲ್ಲ ಎನ್ನುವುದು ಆಟದ ಬಲದಿಂದ ತೀರ್ಮಾನವಾದದ್ದಲ್ಲ.

ವರ್ಧಂತಿ ಇದ್ದ ರಾಜ

ಮೊದಲ ಹೆಸರು ನಮ್ಮ ರಾಜ್ಯದ್ದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794 ಜುಲೈ 14. ಮೈಸೂರಿನಲ್ಲಿ ಮಹಾರಾಜರ ಹುಟ್ಟುಹಬ್ಬಕ್ಕೆ ವರ್ಧಂತಿ ಅಂತ ಬೇರೆ ಶಬ್ದವೇ ಇತ್ತು. ಊರಿಗೆ ಊರೇ ಆಚರಿಸುವ ದಿನ ಅದು. 1799ರಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದಲ್ಲಿ ಕೂರಿಸಿದರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ರಾಜನ ಹೆಸರು ಉಳಿಯಿತು, ರಾಜ್ಯ ನಡೆಸುವ ಕೆಲಸ ಹೋಯಿತು. ಚದುರಂಗದ ಮಣೆಯ ಮೇಲಿನ ರಾಜನಿಗೂ ಹೆಚ್ಚು ನಡೆ ಇರುವುದಿಲ್ಲ ನೋಡಿ. ಉಳಿದ ಆಯುಷ್ಯವನ್ನು ಅವರು ಕಾವ್ಯ, ಚಿತ್ರ, ಆಟಗಳಲ್ಲಿ ಕಳೆದರು.

ಆಟ ಅಂದರೆ ಹೊತ್ತು ಕಳೆಯುವ ಆಟ ಅಲ್ಲ. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಸಚಿತ್ರ ಗ್ರಂಥದಲ್ಲಿ ಒಂಬತ್ತು ನಿಧಿಗಳು. ಕೊನೆಯದಾದ ಕೌತುಕನಿಧಿ ಪೂರ್ತಿ ಆಟಗಳ ಬಗ್ಗೆ. 360 ಎಲೆಗಳ ಇಸ್ಪೀಟಿನಂಥ ಆಟವನ್ನೂ ಅದರಲ್ಲಿ ಬರೆಸಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಮಹಡಿಯ ಗೋಡೆಗಳಲ್ಲಿ ಬಗೆಬಗೆಯ ಆಟದ ಹಾಸುಗಳನ್ನು ಬಣ್ಣದಲ್ಲಿ ಬರೆದಿರುವುದನ್ನು ನೋಡಿರಬಹುದು. ಹೆಚ್ಚಿನವರು ರವಿವರ್ಮನ ಚಿತ್ರಗಳನ್ನು ನೋಡಿ ಇಳಿದು ಬರುತ್ತಾರೆ, ಗೋಡೆ ನೋಡುವುದಿಲ್ಲ.

ಚದುರಂಗದಲ್ಲಿ ಮುಮ್ಮಡಿಯವರ ಕೈಚಳಕ ಇದ್ದದ್ದು ಕುದುರೆ ನಡಿಗೆಯಲ್ಲಿ. ಖಾಲಿ ಮಣೆಯ ಮೇಲೆ ಒಂದೇ ಕುದುರೆ. ಅದು ತನ್ನ ಎರಡೂವರೆ ಮನೆಯ ಹಾರಾಟದಲ್ಲೇ 64 ಮನೆಗಳನ್ನೂ ಸುತ್ತಬೇಕು, ಒಂದು ಮನೆಗೂ ಎರಡು ಸಲ ಕಾಲಿಡಬಾರದು. ಮೊಬೈಲ್ ಬದಿಗಿಟ್ಟು ಕಾಗದ ಪೆನ್ನು ಹಿಡಿದು ನೋಡಿ, ನಲವತ್ತನೇ ಮನೆ ದಾಟುವಷ್ಟರಲ್ಲಿ ಕುದುರೆ ಮೂಲೆಗೆ ಸಿಕ್ಕಿ ನಿಂತಿರುತ್ತದೆ. ಇದರಲ್ಲೇ ಇನ್ನೊಂದು ಕಷ್ಟದ ಬಗೆ ಇದೆ. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ, ಪ್ರತೀ ಅಡ್ಡಸಾಲು, ಪ್ರತೀ ಉದ್ದಸಾಲು ಕೂಡಿದಾಗಲೂ 260 ಬರಬೇಕು. ಅಂಥ ನಡಿಗೆ ಕಟ್ಟಿದವರ ಹೆಸರುಗಳನ್ನು ಯುರೋಪಿನ ಚರಿತ್ರೆಕಾರರು ಹೇಳುವಾಗ 'ಮೈಸೂರಿನ ರಾಜ' ಅಂತ ನಮ್ಮವರ ಹೆಸರೂ ಬರುತ್ತದೆ. ಬೆಂಗಳೂರಿನಲ್ಲಿ ಕೋಡ್ ಬರೆಯುವ ನಮ್ಮ ಹುಡುಗರಿಗೆ ಕಾಲೇಜಿನಲ್ಲಿ ಇದೇ ಸಮಸ್ಯೆಯನ್ನು ಪ್ರೋಗ್ರಾಂ ಬರೆದು ಬಿಡಿಸಲು ಕೊಟ್ಟಿರುತ್ತಾರೆ. ಇದೇ ನೆಲದ ಒಬ್ಬರು ಅದನ್ನು ಯಂತ್ರವಿಲ್ಲದೆ ಮಾಡಿದ್ದರು ಎನ್ನುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ವೈಟ್‌ಫೀಲ್ಡ್‌ನವರಿಗೆ ಇದು ಇನ್ನಷ್ಟು ಹತ್ತಿರ. ಇವತ್ತು ಟೆಕ್ ಪಾರ್ಕುಗಳು ನಿಂತಿರುವ ಆ ಕಡೆಯ ಜಮೀನನ್ನು 1882ರಲ್ಲಿ ಆಂಗ್ಲೋ ಇಂಡಿಯನ್ ಸಂಘಕ್ಕೆ ಬೇಸಾಯದ ವಸತಿ ಮಾಡಿಕೊಳ್ಳಲು ಕೊಟ್ಟದ್ದು ಹತ್ತನೇ ಚಾಮರಾಜ ಒಡೆಯರು. ಅವರು ಮುಮ್ಮಡಿಯವರ ದತ್ತುಪುತ್ರ.

ಮುಮ್ಮಡಿಯವರು ತೀರಿಕೊಂಡದ್ದು 1868 ಮಾರ್ಚ್ 27. ಅದೇ ವರ್ಷ ಜೂನ್ 24ಕ್ಕೆ ಲಂಡನ್‌ನಲ್ಲಿ ಒಂದು ಗಂಡು ಮಗು ಹುಟ್ಟಿತು, ಹೆರಾಲ್ಡ್ ಮರೆ. ತಂದೆ ಜೇಮ್ಸ್ ಮರೆ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ. ಮಗ ಶಾಲಾ ಇನ್ಸ್‌ಪೆಕ್ಟರ್. ಕೆಲಸದಿಂದ ಮನೆಗೆ ಬಂದ ಮೇಲೆ ಚೆಸ್ಸಿನ ಚರಿತ್ರೆ. 1913ರಲ್ಲಿ ಅವರ ಪುಸ್ತಕ ಬಂತು, 900 ಪುಟ. ಅದಕ್ಕಾಗಿ ಆ ಮನುಷ್ಯ ಅರಬಿ ಕಲಿತರು. ಯಾಕೆ ಅರಬಿ ಅನ್ನುತ್ತೀರಾ?

ಮದ್ರಸದ ಮಕ್ಕಳಿಗೆ ಗೊತ್ತಿರುವ ಶಬ್ದ

ಚದುರಂಗ ಹುಟ್ಟಿದ್ದು ಭಾರತದಲ್ಲಿ ಅಂತ ಮರೆ ಹೇಳಿದರು. ಚತುರಂಗ ಪರ್ಶಿಯಾಕ್ಕೆ ಹೋಗಿ ಚತ್ರಂಗ್ ಆಯಿತು. ಅರಬಿಯಲ್ಲಿ 'ಚ' ಇಲ್ಲ, 'ಗ' ಇಲ್ಲ, ಹಾಗಾಗಿ ಅಲ್ಲಿ ಶತ್ರಂಜ್. ಕಾಯಿಗಳ ಹೆಸರು ನೋಡಿ: ಶಾಹ್, ಫಿರ್ಝಾನ್, ಫೀಲ್, ಫರಸ್, ರುಖ್, ಬೈದಖ್. ಮದ್ರಸದಲ್ಲಿ ಸೂರಃ ಫೀಲ್ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಫೀಲ್ ಅಂದರೆ ಆನೆ ಅಂತ ಬೇರೆ ಹೇಳಬೇಕಾಗಿಲ್ಲ. ಆ ಫೀಲ್ ಅಲ್ ಫೀಲ್ ಆಗಿ ಸ್ಪೇನಿಗೆ ದಾಟಿತು. ಇವತ್ತಿಗೂ ಸ್ಪೇನ್‌ನವರು ಬಿಷಪ್ ಕಾಯಿಗೆ ಅಲ್ಫಿಲ್ ಅನ್ನುತ್ತಾರೆ. ಇಂಗ್ಲಿಷಿನ ರೂಕ್ ನಮ್ಮ ರುಖ್. ಚೆಕ್‌ಮೇಟ್ ಎನ್ನುವುದು ಶಾಹ್ ಮಾತ್. ಒಂದು ತಮಾಷೆ ಗಮನಿಸಿ, ಅರಬರ ಆನೆ ನಿಂತದ್ದು ರಾಜ ಮಂತ್ರಿಯರ ಪಕ್ಕ, ನಮ್ಮ ಕನ್ನಡದ ಆನೆ ನಿಂತದ್ದು ಮಣೆಯ ಮೂಲೆಯಲ್ಲಿ. ನಮ್ಮಲ್ಲಿ ಆ ಪಕ್ಕದ ಜಾಗ ಒಂಟೆಗೆ. ಒಂಟೆ ಇರುವ ನಾಡಿನವರು ಆನೆ ಇಟ್ಟರು, ಆನೆ ಇರುವ ನಾಡಿನವರು ಒಂಟೆಗೆ ಜಾಗ ಕೊಟ್ಟರು!

ಆಗ ಮಂತ್ರಿ ಈಗಿನಂತೆ ಮಣೆಯುದ್ದ ಓಡುತ್ತಿರಲಿಲ್ಲ, ಓರೆಯಾಗಿ ಒಂದೇ ಮನೆ. ಆನೆ ಓರೆಯಾಗಿ ಎರಡನೇ ಮನೆಗೆ ಹಾರುತ್ತಿತ್ತು. ಆ ನಿಧಾನದ ಆಟಕ್ಕೆ ಬಗ್ದಾದಿನಲ್ಲಿ ಒಬ್ಬ ಮಹಾ ಆಟಗಾರ ಇದ್ದರು, ಅಬೂಬಕರ್ ಅಸ್ಸೂಲಿ. ಖಲೀಫರ ಆಸ್ಥಾನದ ವಿದ್ವಾಂಸ, ಚರಿತ್ರೆಕಾರ, ಚೆಸ್ ಬಗ್ಗೆ ಗ್ರಂಥ ಬರೆದವರು. ತೀರಿಕೊಂಡ ವರ್ಷ 946 ಅಂತ ಗೊತ್ತು. ಹುಟ್ಟಿದ್ದು ಸುಮಾರು 880 ಅನ್ನುತ್ತಾರೆ, ಅಷ್ಟೆ. ಅವರು ಒಂದು ಒಗಟು ಬಿಟ್ಟು ಹೋದರು. ಮಣೆಯ ಮೇಲೆ ನಾಲ್ಕೇ ಕಾಯಿ, ಎರಡು ರಾಜ, ಎರಡು ಮಂತ್ರಿ. ಬಿಳಿಯವ ಗೆಲ್ಲಬೇಕು. ತಾನು ಹೇಳಿಕೊಟ್ಟವರಿಗಲ್ಲದೆ ಬೇರೆ ಯಾರಿಗೂ ಇದು ಬಿಡಿಸಲು ಬಾರದು ಅಂತ ಅವರ ನಂಬಿಕೆ. ಸಾವಿರ ವರ್ಷ ಹಾಗೇ ಆಯಿತು. 1980ರ ದಶಕದಲ್ಲಿ ಅದನ್ನು ಬಿಡಿಸಿದ್ದು ರಶ್ಯದ ಯೂರಿ ಅವರ್‌ಬಾಖ್. ಇವರೂ ದೊಡ್ಡ ಆಟಗಾರ, ಆಮೇಲೆ ಚೆಸ್ ಚರಿತ್ರೆಗೆ ತಿರುಗಿದವರು. ಹುಟ್ಟಿದ್ದು 1922 ಫೆಬ್ರವರಿ 8. ಗ್ರ್ಯಾಂಡ್‌ಮಾಸ್ಟರ್‌ಗಳಲ್ಲಿ ನೂರು ವರ್ಷ ತುಂಬಿಸಿದ ಮೊದಲಿಗರು ಇವರೇ. 2022ರಲ್ಲಿ ಆ ನೂರನೇ ಹುಟ್ಟುಹಬ್ಬಕ್ಕೆ ಜಗತ್ತಿನ ಚೆಸ್ ಮಂದಿಯೆಲ್ಲ ಶುಭಾಶಯ ಹೇಳಿದರು. ಮೇ ತಿಂಗಳಲ್ಲಿ ಅವರು ತೀರಿಕೊಂಡರು.

1903 ಅಥವಾ 1905

ಈಗ ಪಟ್ಟಿಯಲ್ಲಿ ತಾರೀಕು ಖಾಲಿ ಬಿಡಬೇಕಾದವರು.

ಪಂಜಾಬಿನ ಮಿಠಾ ತಿವಾನಾ ಎಂಬ ಊರಿನ ಮೀರ್ ಸುಲ್ತಾನ್ ಖಾನ್. ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1903, ಕೆಲವದರಲ್ಲಿ 1905. ಚೆಸ್ ಕಲಿತದ್ದು ತಂದೆಯಿಂದ, ನಮ್ಮ ದೇಶದ ನಿಯಮದಲ್ಲಿ. ಆ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ಕೋಟೆ ಕಟ್ಟುವುದು ಇಲ್ಲ, ಅದರ ಬದಲು ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಈ ಯುವಕನ ಆಟ ನೋಡಿ ತನ್ನ ಜೊತೆ ಸೇರಿಸಿಕೊಂಡರು. 1928ರಲ್ಲಿ ಸುಲ್ತಾನ್ ಖಾನ್ ಅಖಿಲ ಭಾರತ ಚಾಂಪಿಯನ್. 1929ರಲ್ಲಿ ಉಮರ್ ಹಯಾತರ ಜೊತೆ ಲಂಡನ್‌ಗೆ ಹಡಗು ಹತ್ತಿದರು. ಯುರೋಪಿನ ನಿಯಮದಲ್ಲಿ ಹೆಚ್ಚು ಪಳಗಿರಲೂ ಇಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ರ‍್ಯಾಮ್ಸ್‌ಗೇಟ್‌ನಲ್ಲಿ ಬ್ರಿಟಿಷ್ ಚಾಂಪಿಯನ್ ಆಗಿಬಿಟ್ಟರು!

ಒಂದು ಸಲದ ಅದೃಷ್ಟ ಅಲ್ಲ. 1932ರಲ್ಲಿ ಮತ್ತೆ, 1933ರಲ್ಲಿ ಮತ್ತೆ. 1930-31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಬ್ಲಾಂಕಾರನ್ನು ಸೋಲಿಸಿದರು. ಮೂರು ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡ್ ತಂಡಕ್ಕೆ ಆಡಿದರು. ಹಾಗೆ ಆಡುತ್ತಿದ್ದವರು 1933ರ ಕೊನೆಗೆ ಉಮರ್ ಹಯಾತರ ಜೊತೆ ವಾಪಸು ಬಂದರು. ಅಲ್ಲಿಗೆ ಅಂತರ್‌ರಾಷ್ಟ್ರೀಯ ಆಟ ಮುಗಿಯಿತು. ಐದು ವರ್ಷವೂ ಪೂರ್ತಿ ಇಲ್ಲದ ಯುರೋಪಿನ ಬಾಳು.

ಸುಲ್ತಾನ್ ಖಾನ್ ಸರ್ಗೋಧಾ ಕಡೆ ಜಮೀನು ನೋಡಿಕೊಂಡು ಇದ್ದರು. ಮಕ್ಕಳಿಗೆ ಚೆಸ್ ಹೇಳಿಕೊಡಲಿಲ್ಲ, ಬದುಕಿಗೆ ಪ್ರಯೋಜನವಾಗುವ ಬೇರೆ ಏನಾದರೂ ಮಾಡಿ ಅನ್ನುತ್ತಿದ್ದರು ಅಂತ ಅವರ ಮಗ ಹೇಳಿದ್ದಾರೆ. ಮಗ ಮೊಬೈಲಿನಲ್ಲಿ ಚೆಸ್ ಆಡುವುದನ್ನು ನೋಡಿ "ಇದರಲ್ಲಿ ಎಂತ ಸಿಕ್ತದೆ ನಿನಗೆ?" ಅನ್ನುವ ನಮ್ಮ ಮನೆಗಳ ಉಪ್ಪಂದಿರಿಗೆ ಈ ಮಾತು ಇಷ್ಟವಾದೀತು. ಆದರೆ ಹೇಳಿದವರು ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದವರು ಎಂಬುದನ್ನು ಮರೆಯಬಾರದು.

ಜಾಗತಿಕ ಚೆಸ್ ಒಕ್ಕೂಟವಾದ ಫಿಡೆ 1950ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಬಿರುದು ಅಧಿಕೃತವಾಗಿ ಕೊಡಲು ಶುರು ಮಾಡಿತು. ಮೊದಲ ಪಟ್ಟಿಯಲ್ಲಿ 27 ಹೆಸರು. 1932ರಲ್ಲೇ ಆಟ ಬಿಟ್ಟಿದ್ದ ಪೋಲೆಂಡಿನ ರುಬಿನ್‌ಸ್ಟೈನ್‌ಗೂ ಸಿಕ್ಕಿತು. ಸುಲ್ತಾನ್ ಖಾನ್ ಆಗ ಬದುಕಿದ್ದರು, ಅವರ ಹೆಸರು ಇರಲಿಲ್ಲ. 1966 ಏಪ್ರಿಲ್ 25ರಂದು ಕ್ಷಯದಿಂದ ತೀರಿಕೊಂಡರು. ಸಾವಿನ ತಾರೀಕು ಖಚಿತ, ಹುಟ್ಟಿನದ್ದು ಇಲ್ಲ. 2024ರ ಫೆಬ್ರವರಿಯಲ್ಲಿ, ಅಂದರೆ ತೀರಿಕೊಂಡ 58 ವರ್ಷಕ್ಕೆ ಸ್ವಲ್ಪ ಮೊದಲು, ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು.

ಇವರ ಬಗ್ಗೆ 2020ರಲ್ಲಿ ಬ್ರಿಟಿಷ್ ಗ್ರ್ಯಾಂಡ್‌ಮಾಸ್ಟರ್ ಡ್ಯಾನಿಯಲ್ ಕಿಂಗ್ ಒಂದು ಪುಸ್ತಕ ಬರೆದರು. ಪುಸ್ತಕದ ಹೆಸರಿನಲ್ಲೇ ಸುಲ್ತಾನ್ ಖಾನ್ ಸಾಮ್ರಾಜ್ಯದ ಚಾಂಪಿಯನ್ ಆದ ಭಾರತೀಯ ಆಳು. ಮೊಮ್ಮಗಳು ಇದನ್ನು ಒಪ್ಪಲಿಲ್ಲ. ಅಜ್ಜ ಆಳಲ್ಲ, ಓದು ಬರಹ ಬಾರದವರಲ್ಲ, ಜಮೀನು ಇದ್ದ ಮನೆತನದವರು ಅಂತ ಬರೆದರು. ಯಾರು ಸರಿ ಎನ್ನುವುದನ್ನು ತಿಳಿದವರು ಚರ್ಚಿಸಲಿ. ನನಗೆ ಕಾಣುವುದು ಇಷ್ಟು. ಲಂಡನ್ ಪತ್ರಿಕೆಯವರು 1929ರಲ್ಲಿ ಬರೆದದ್ದು ಕಾಗದದಲ್ಲಿ ಉಳಿಯಿತು. ಮನೆಯವರ ಮಾತು ಕಾಗದಕ್ಕೆ ಬಂದದ್ದು 90 ವರ್ಷ ಕಳೆದ ಮೇಲೆ. ಮತ್ತೆ ಅದೇ, ಮಾಸ್ಟ್ರ ರಿಜಿಸ್ಟರು ಒಂದು ಕಡೆ, ಉಮ್ಮನ ನೆನಪು ಇನ್ನೊಂದು ಕಡೆ.

ಫಾತಿಮಾ

1933ರ ಹೇಸ್ಟಿಂಗ್ಸ್‌ನಲ್ಲಿ ಇನ್ನೊಂದು ವಿಷಯ ನಡೆಯಿತು. ಅದೇ ಉಮರ್ ಹಯಾತರ ಪರಿವಾರದಲ್ಲಿ ಲಂಡನ್‌ಗೆ ಬಂದಿದ್ದ ಒಬ್ಬ ಯುವತಿ ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್‌ಗೆ ಕೂತರು. ಹನ್ನೊಂದು ಆಟ. ಹತ್ತು ಗೆಲುವು, ಒಂದು ಡ್ರಾ, ಸೋಲು ಇಲ್ಲ. ಎರಡನೇ ಸ್ಥಾನದವರಿಗಿಂತ ಮೂರು ಅಂಕ ಮುಂದೆ. ಒಂದೇ ಮನೆಯಿಂದ ಬಂದ ಇಬ್ಬರು ಒಂದೇ ವರ್ಷ, ಒಂದೇ ಊರಿನಲ್ಲಿ ಪುರುಷರ ಮತ್ತು ಮಹಿಳೆಯರ ಎರಡೂ ಪಟ್ಟ ಎತ್ತಿಕೊಂಡರು.

ದಾಖಲೆಯಲ್ಲಿ ಆ ಯುವತಿಯ ಹೆಸರು ಮಿಸ್ ಫಾತಿಮಾ. ಅಷ್ಟೆ. ಕೆಲವು ಕಡೆ ಗುಲಾಂ ಫಾತಿಮಾ ಅಂತ ಇದೆ. ಹುಟ್ಟಿದ ದಿನದ ಜಾಗ ಖಾಲಿ. ಅವರೂ ಅದೇ ವರ್ಷದ ಕೊನೆಗೆ ಉಪಖಂಡಕ್ಕೆ ಮರಳಿದರು, ಮತ್ತೆ ಟೂರ್ನಿಗಳಲ್ಲಿ ಕಾಣಲಿಲ್ಲ.

ನಮ್ಮ ಹೆಣ್ಣುಮಕ್ಕಳು ಇವತ್ತು ವೈಟ್‌ಫೀಲ್ಡ್‌ನ ಕಂಪೆನಿಗಳಲ್ಲಿ ಟೀಮ್ ನಡೆಸುತ್ತಿದ್ದಾರೆ, ಶಾಲಾ ಚೆಸ್ ಟೂರ್ನಿಗಳಲ್ಲಿ ಸ್ಕಾರ್ಫ್ ಕಟ್ಟಿದ ಮಕ್ಕಳು ಆಡುವುದು ಹೊಸತೇನಲ್ಲ. ಅವರಲ್ಲಿ ಯಾರಿಗಾದರೂ ಫಾತಿಮಾರ ಹೆಸರು ಗೊತ್ತುಂಟಾ ಅಂತ ಕೇಳಿ ನೋಡಿ. ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ, ಅವರ ಪಠ್ಯದಲ್ಲಿ ಆ ಹೆಸರು ಎಲ್ಲಿಂದ ಬರಬೇಕು?

ಬಡಗಿ ಮತ್ತು ಪುಸ್ತಕ ಬರೆದ ಚಾಂಪಿಯನ್

ಸ್ವಾತಂತ್ರ್ಯದ ನಂತರದ ಕತೆಯಲ್ಲಿ ತಾರೀಕುಗಳು ಹೆಚ್ಚು ಸಿಗುತ್ತವೆ. 1951ರಲ್ಲಿ ಅಖಿಲ ಭಾರತ ಚೆಸ್ ಫೆಡರೇಶನ್ ಆಯಿತು, 1955ರಲ್ಲಿ ಆಂಧ್ರದ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್. 1963ರಲ್ಲಿ ಫಾರೂಕ್ ಅಲಿ, ಆಮೇಲೆ ಮುಹಮ್ಮದ್ ಹಸನ್ ಚಾಂಪಿಯನ್ ಆದರು. 1976ರ ಚಾಂಪಿಯನ್ ಮುಹಮ್ಮದ್ ರಫೀಕ್ ಖಾನ್, ಭೋಪಾಲದ ಬಡಗಿ. ಹಗಲು ಮರದ ಕೆಲಸ, ಬಿಡುವಿನಲ್ಲಿ ಮರದ ಕಾಯಿ. 1980ರಲ್ಲಿ ಮಾಲ್ಟಾದಲ್ಲಿ ನಡೆದ ಒಲಿಂಪಿಯಾಡ್‌ನಲ್ಲಿ ಮೂರನೇ ಬೋರ್ಡಿನಲ್ಲಿ ಆಡಿ ಬೆಳ್ಳಿ ಪದಕ ತಂದರು. ಚೆಸ್ ಒಲಿಂಪಿಯಾಡ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ. ಪೀಣ್ಯದಲ್ಲಿ ಕೈಕೆಲಸ ಮಾಡುವ ನಮ್ಮವರು ತಮ್ಮವರು ಅಂತ ಹೇಳಿಕೊಳ್ಳಬಹುದಾದ ಹೆಸರು ಇದು. ವಿಶ್ವನಾಥನ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದದ್ದು ಇದಾಗಿ ಎಂಟು ವರ್ಷಕ್ಕೆ, 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು ಇನ್ನೂ 29 ವರ್ಷ ಬೇಕಾಯಿತು. 2017ರಲ್ಲಿ ಎಂ.ಎಸ್. ತೇಜ್‌ಕುಮಾರ್, ದೇಶದ 50ನೆಯವರು. ಊರು ಯಾವುದು ಅಂದರೆ ಮೈಸೂರು, ಮುಮ್ಮಡಿಯವರ ಮೈಸೂರು.

ಆಡಿದ್ದೂ ಹೌದು, ಬರೆದಿಟ್ಟದ್ದೂ ಹೌದು ಎನ್ನುವವರು ನಮ್ಮ ದೇಶದಲ್ಲಿ ಬಹಳ ಇಲ್ಲ. ಮ್ಯಾನುವೆಲ್ ಆರನ್ ಅಂಥವರು. ಹುಟ್ಟಿದ್ದು 1935 ಡಿಸೆಂಬರ್ 30, ಆಗಿನ ಬರ್ಮಾದಲ್ಲಿ. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಶನಲ್ ಮಾಸ್ಟರ್. ರಾಷ್ಟ್ರೀಯ ಚಾಂಪಿಯನ್ ಪಟ್ಟ ಒಂಬತ್ತು ಸಲ. ಚೆಸ್‌ಗೆ ಅರ್ಜುನ ಪ್ರಶಸ್ತಿ ಮೊದಲು ಬಂದದ್ದು ಇವರಿಗೆ. ಇಷ್ಟಾದ ಮೇಲೆ ಇಳಿವಯಸ್ಸಿನಲ್ಲಿ ವಿಜಯ್ ಡಿ. ಪಂಡಿತ್ ಜೊತೆ ಸೇರಿ ಕ್ರಿ.ಶ. 570ರಿಂದ 2010ರವರೆಗಿನ ಭಾರತದ ಚೆಸ್ ಚರಿತ್ರೆ ಬರೆದರು. ಪುಸ್ತಕ ಬಂದದ್ದು 2014ರಲ್ಲಿ, ಆಗ ಅವರಿಗೆ 78 ದಾಟಿತ್ತು. ಡಿಸೆಂಬರ್ 30ಕ್ಕೆ ಆಫೀಸುಗಳು ವರ್ಷಾಂತ್ಯದ ರಜೆಯಲ್ಲಿರುತ್ತವೆ, ಒಂದು ನಿಮಿಷ ನೆನೆಯಲು ಪುರುಸೊತ್ತು ಸಿಗಬಹುದು.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವನ್ನೂ ಇಲ್ಲಿ ಹೇಳಬೇಕು. ಕ್ರೀಡಾ ಕೌಶಲ್ಯ ಎಂಬ ಹೆಸರಿನಲ್ಲಿ ಅವರು ಹಳೆಯ ಹಾಸು, ಕಾಯಿ, ದಾಳಗಳನ್ನು ಮತ್ತೆ ಮಾಡಿಸಿ ಪ್ರದರ್ಶನ ಇಡುತ್ತಾರೆ, ಆಡುವ ಕ್ರಮವನ್ನೂ ಹೇಳಿಕೊಡುತ್ತಾರೆ. ಪಗಡೆ, ಚೌಕಾಬಾರ ಜೊತೆಗೆ ನಮ್ಮ ಕರಾವಳಿಯ ಚೆನ್ನೆಮಣೆಗೂ ಅಂಥ ಕಡೆ ಜಾಗ ಉಂಟು. 14 ಗುಳಿಯ ಆ ಮಣೆ ಮಳೆಗಾಲದಲ್ಲಿ ಎಷ್ಟು ಬ್ಯಾರಿ ಮನೆಗಳ ಜಗಲಿಗೆ ಇಳಿಯುತ್ತಿತ್ತು ಎನ್ನುವುದು ಉಮ್ಮಂದಿರಿಗೆ ಗೊತ್ತು. ಲಂಡನ್‌ನ ಆ ಮರೆ ಮಹಾಶಯರು ಚೆಸ್ ಅಲ್ಲದ ಆಟಗಳ ಬಗ್ಗೆಯೂ ಒಂದು ದೊಡ್ಡ ಪುಸ್ತಕ ಬರೆದು ಇಂಥ ಗುಳಿ ಆಟಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ನಮ್ಮ ಅಜ್ಜಿಯಂದಿರು ಆಡುತ್ತಿದ್ದ ಒಳ ನಿಯಮಗಳು ಅದರಲ್ಲಿ ಎಷ್ಟು ಸೇರಿವೆಯೋ, ಅದನ್ನು ನೋಡಬೇಕಾದವರು ನಾವೇ.

ಪೀಣ್ಯದ ಆ ಹಿರಿಯರಿಗೂ ಚದುರಂಗ ಬರುತ್ತದೆ. ಕಲಿತದ್ದು ಊರಿನ ಪೇಟೆಯಲ್ಲಿ, ಒಬ್ಬ ಬೀಡಿ ಕಂಟ್ರಾಕ್ಟರರಿಂದ. ಮಗನ ಜೊತೆ ಆಡಲು ಕೂತರೆ ಮೂರನೇ ನಡೆಗೇ ಜಗಳ. "ಕಾಲಾಳು ಎರಡು ಮನೆ ಹೋಗೋದು ಯಾವ ನ್ಯಾಯ?" ಅಂತ ಅವರು. "ಉಪ್ಪ, ರೂಲ್ ಇರೋದೇ ಹಾಗೆ" ಅಂತ ಮಗ. ಮಗನ ಕೈಯಲ್ಲಿರುವುದು ಸ್ಪೇನ್ ಕಡೆ 15ನೇ ಶತಮಾನದ ಕೊನೆಗೆ ವೇಗ ಪಡೆದು ಯುರೋಪ್ ಸುತ್ತಿ ಬಂದ ಆಟ. ಉಪ್ಪನ ಕೈಯಲ್ಲಿರುವುದು ಸುಲ್ತಾನ್ ಖಾನ್ ಮಿಠಾ ತಿವಾನಾದಲ್ಲಿ ಕಲಿತದ್ದಕ್ಕೆ ಹತ್ತಿರದ ಆಟ. ಪುಸ್ತಕ ನೋಡಿ ತಿದ್ದುವ ಮೊದಲು ಅವರನ್ನು ಕೂರಿಸಿ ಕೇಳಿಕೊಳ್ಳಬೇಕಾದದ್ದು ತುಂಬಾ ಇದೆ. ರಾಜ ಕುದುರೆಯಂತೆ ಹಾರಬಹುದಾ? ಒಂದು ಸಲ ಚೆಕ್ ಬಿದ್ದ ಮೇಲೂ ಹಾರಬಹುದಾ? ಕಾಲಾಳು ಆಚೆ ತುದಿ ಮುಟ್ಟಿದರೆ ಮಂತ್ರಿಯೇ ಆಗುತ್ತದಾ, ಅಥವಾ ಯಾವ ಸಾಲಿನಲ್ಲಿ ತಲುಪಿತೋ ಆ ಸಾಲಿನ ಕಾಯಿ ಆಗುತ್ತದಾ? ಒಂಟಿ ರಾಜ ಉಳಿದರೆ ಆಟ ಮುಗಿಯಿತಾ? ಬೀಡಿ ಕಂಟ್ರಾಕ್ಟರರು ಇದನ್ನು ಯಾರಿಂದ ಕಲಿತರು? ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಇಟ್ಟರೆ ಸಾಕು. ಹಾಗೇ ಅವರ ಉಮ್ಮ ನೆರೆಯ ನಂತರ ಯಾವ ತಿಂಗಳು ಅಂತ ಹೇಳುತ್ತಿದ್ದರು, ರಜಬಾ ಶಅಬಾನಾ, ಅದನ್ನೂ ಕೇಳಿ ಬರೆದುಕೊಳ್ಳಿ. 1974ರ ಪಂಚಾಂಗದಲ್ಲಿ ತಾಳೆ ನೋಡಲು ಅರ್ಧ ಗಂಟೆ ಸಾಕು.